ಕುಂಚಿಗೆ ಕಟ್ಟಿದ ಮುತ್ಯಾ

ನವಿ ಮುಂಬಯಿಯ ಸೀವುಡ್ಸ್‌ನ ವಿನೋದಾ ಮೇಡಂ ಬರೆದ ಮಕ್ಕಳ ಪುಸ್ತಕದಲ್ಲಿ ಕೊನೆಗೂ ಕಲಬುರಗಿ ಕಡೆಯ ಕೂಲಿಯವರ ಮಗಳೊಬ್ಬಳು ಬಂದಿದ್ದಳು. ‘ಎಲ್ಲರ ಮಕ್ಕಳೂ ಪುಸ್ತಕದಲ್ಲಿರಬೇಕು’ ಎಂದು ಡೊಂಬಿವಲಿಯ ಸಭೆಯೊಂದರಲ್ಲಿ ಭಾಷಣ ಬಿಗಿದು ಶಾಲು ಹೊದೆಸಿಕೊಂಡು ಬಂದ ಮೇಡಂ, ಮರುದಿನ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ, ಅದೇ ಕಡೆಯ ಅನಸೂಯಾಳ ಒದ್ದೆ ಕೈಗೇ ಆ ಪುಸ್ತಕವನ್ನು ಕೊಟ್ಟರು.

“ನಿಮ್ಮವರದ್ದೇ ಕಥೆ ಮಾರಾಯ್ತಿ, ಓದು.”

ಅನಸೂಯಾ ಸೆರಗಿಗೆ ಕೈ ಒರೆಸಿಕೊಂಡು ಪುಟ ತಿರುಗಿಸಿದಳು. ‘ಗುರಮ್ಮ ಮುತ್ಯಾನನ್ನು ಎತ್ತಿಕೊಂಡು ಲಾಲಿ ಹಾಡಿದಳು’ ಎಂದಿತ್ತು. ಚಿತ್ರದಲ್ಲಿ ಹುಡುಗಿಯ ತೊಡೆಯ ಮೇಲೆ ತಲೆಗೆ ಕುಂಚಿಗೆ ಕಟ್ಟಿದ ಕೂಸೊಂದು ಬೆರಳು ಚೀಪುತ್ತಿತ್ತು.

“ಮುತ್ಯಾ ಅಂದ್ರ ಯಾರ್ರೀ ಅಕ್ಕಾರ?”

“ಅವಳ ತಮ್ಮ. ನೀನೇ ಫೋನಲ್ಲಿ ಕೇಳ್ತಾ ಇರ್ತೀಯಲ್ಲ, ಮುತ್ಯಾ ಉಂಡಾನ, ಮುತ್ಯಾ ಮಕ್ಕೊಂಡಾನ ಅಂತ. ಎಷ್ಟು ಚಂದದ ಹೆಸರು.”

ಊರಿನಲ್ಲಿ ಹಾಸಿಗೆ ಹಿಡಿದಿದ್ದ, ಎಂಬತ್ತು ದಾಟಿದ ಅಜ್ಜ ಅನಸೂಯಾಳ ಕಣ್ಮುಂದೆ ಬಂದ. ನಾಲ್ಕು ವರ್ಷದಿಂದ ಅವಳು ಇದೇ ಅಡುಗೆಮನೆಯಲ್ಲಿ ನಿಂತಿದ್ದಳು. ಬಾಗಿಲ ಮರೆಯಿಂದ ಕೇಳಿಸಿಕೊಳ್ಳಲು ಈ ಮೇಡಂಗೆ ಕಿವಿ ಇತ್ತು; ಎದುರು ನಿಂತು ಕೇಳಲು ಬಾಯಿ ಸತ್ತಿತ್ತು.

“ಮುತ್ಯಾ ಅಂದ್ರ ಅಜ್ಜರೀ.”

ಮೇಡಂ ನಕ್ಕರು. “ಹೋಗ್ಲಿ ಬಿಡು. ಓದುವ ಮಕ್ಕಳಿಗೆ ಎಂಥ ಗೊತ್ತಾಗ್ತದೆ?”

ಅನಸೂಯಾ ಪುಸ್ತಕವನ್ನು ಒಗೆಯುವ ಬಟ್ಟೆಗಳ ಮೇಲೆ ಎಸೆದಳು.

“ಹಂಗಾದ್ರ ಹಾಲ್‌ನಾಗ ನಿಮ್ಮ ಅಜ್ಜಾರ ಫೋಟೋ ಐತಲ್ರೀ ಅಕ್ಕಾರ, ಅದನ್ನ ಇಳಿಸಿ ಕೊಡ್ರಿ. ಹಾರ ತಗದು ಕುಂಚಿಗಿ ಕಟ್ಟತೀನಿ. ನೋಡೋ ಮಕ್ಕಳಿಗೆ ಏನ್ ಗೊತ್ತಾಗ್ತದ?”