ಅಕ್ಕನ ಪಾತ್ರೆ, ನನ್ನ ಮೂಗು

ಬಸ್ಸಿನಿಂದ ಇಳಿಯುವಷ್ಟರಲ್ಲೇ ಗೈಡ್ ಒಬ್ಬ ಅಡ್ಡ ಬಂದ. "ಮೇಡಂ, ಮಿಂಡೋಗೆ ಮೊದಲ್ನೇ ಸಲಾನಾ? ಹಕ್ಕಿ ತೋರಿಸ್ತೀನಿ ಬನ್ನಿ."

ನಾನು ಹುಟ್ಟಿದ ಊರನ್ನು ನನಗೇ ತೋರಿಸಲು ಹೊರಟಿದ್ದ! ಮೈ ಉರಿಯಿತು. ಆದರೆ ಅವನದೇನು ತಪ್ಪು? ಮದುವೆಯಾಗಿ ರಾಜಧಾನಿ ಕಿಟೋ ಸೇರಿದ ಮೇಲೆ ಸತ್ತವರ ದಿನಕ್ಕೆ ಮಾತ್ರ ಬಂದು ಹೋಗುವವಳು ನಾನು. ಹಸು ಕಟ್ಟುತ್ತಿದ್ದ ಬೀದಿಯಲ್ಲೀಗ ಚಾಕೊಲೇಟ್ ಅಂಗಡಿಗಳ ಸಾಲು. ಮಂಜು ಮಾತ್ರ ಹಳೆಯದೇ, ಚರ್ಚಿನ ಗೋಪುರದವರೆಗೆ ಇಳಿದು ಕೂತಿತ್ತು.

ಸೊಯಿಲಾ ಅಕ್ಕ ಅಮ್ಮನ ಮನೆಯನ್ನೇ ವಸತಿಗೃಹ ಮಾಡಿಕೊಂಡಿದ್ದಾಳೆ. ಚಿಕ್ಕಂದಿನಲ್ಲಿ ನಾನು ಮಲಗುತ್ತಿದ್ದ ಮಂಚವೂ ಈಗ ಬಾಡಿಗೆಗೆ. ಈ ದಿನ ಅವಳು ಅಮ್ಮನ ಹಳೇ ಪಾತ್ರೆಯಲ್ಲಿ ಕಾಯಿಸುವ ಕೊಲಾದಾ ಕುಡಿಯಲೆಂದೇ ಪ್ರವಾಸಿಗರು ಮೊದಲೇ ಕೋಣೆ ಹಿಡಿದಿಡುತ್ತಾರೆ. ಕಪ್ಪು ಮೆಕ್ಕೆಜೋಳದ ಹಿಟ್ಟು, ಕಾಡುಹಣ್ಣು, ಬೆಲ್ಲ, ಘಮಕ್ಕೆ ನಿಂಬೆಹುಲ್ಲು ಹಾಕಿ ಕುದಿಸಿದ ನೇರಳೆ ಬಣ್ಣದ ಗಂಜಿ ಅದು. ಮೊದಲ ಲೋಟ ಅಮ್ಮನ ಸಮಾಧಿಗೆ, ಉಳಿದದ್ದು ಬದುಕಿರುವವರಿಗೆ.

"ಬಂದ್ಯಾ ಟೂರಿಸ್ಟು?" ಒಲೆಯ ಮುಂದಿನಿಂದಲೇ ಅಕ್ಕ ಚುಚ್ಚಿದಳು. ಪ್ರತಿ ವರ್ಷದ ಸ್ವಾಗತ ಇದೇ. ಬಾ ಎಂದು ಅವಳು ಒಮ್ಮೆಯೂ ಕರೆದವಳಲ್ಲ.

ಪಾತ್ರೆಗೆ ಹಾಕಲು ಸೊಪ್ಪಿನ ಕಟ್ಟು ಎತ್ತಿದಳು. ನಾನು ಮೂಗು ಒಡ್ಡಿದೆ. ನಿಂಬೆಹುಲ್ಲಿನ ಘಮವೇ ಇಲ್ಲ. ಕಟ್ಟಿನಲ್ಲಿದ್ದದ್ದು ಬೇಲಿಯ ಬದಿಯ ಬರೀ ದನದ ಹುಲ್ಲು. ಎರಡೂ ಅಲ್ಲೇ ಒಟ್ಟಿಗೆ ಬೆಳೆಯುತ್ತವೆ, ನೋಡಲು ಒಂದೇ. ಚಿಕ್ಕವರಿದ್ದಾಗ ಅಮ್ಮ ನಿಂಬೆಹುಲ್ಲಿಗೆ ಕಳಿಸಿದರೆ ನಾನು ಮೂಸಿ ಆರಿಸುತ್ತಿದ್ದೆ, ಅಕ್ಕ "ನಾಯಿಮೂಗಿ" ಎಂದು ಅಣಕಿಸುತ್ತ ಕೊಯ್ಯುತ್ತಿದ್ದಳು.

"ಅಕ್ಕಾ, ಇದು ದನದ ಹುಲ್ಲು ಕಣೇ. ಇದನ್ನ ಕುಡಿಸಿ ಗೆಸ್ಟುಗಳ ಹತ್ರ ಹಾಲು ಕರ್ಕೊಳ್ತೀಯಾ?"

ಅವಳು ನಗಲಿಲ್ಲ. ಕಟ್ಟನ್ನು ಮೂಗಿಗೆ ಹಿಡಿದಳು, ಮತ್ತೆ ಹಿಡಿದಳು. ಮುಖ ಬಿಳಿಚಿತು.

"ಮೂರು ತಿಂಗಳ ಹಿಂದೆ ಜ್ವರ ಬಂದಾಗಿಂದ ನಂಗೆ ಏನೂ ವಾಸನೆ ಬರಲ್ಲ, ವೇವಾ. ಯಾರ್ಗೂ ಹೇಳ್ಬೇಡ. ಮೂಗಿಲ್ಲದೋಳು ಮಾಡಿದ್ದನ್ನ ಯಾರು ಕುಡೀತಾರೆ? ಅಮ್ಮನ ಪಾತ್ರೆ ಈ ವರ್ಷಕ್ಕೇ ಕೊನೆ."

"ಸೌಟು ಆಡಿಸ್ತಾ ಇರು" ಎಂದು ನಾನು ಬೇಲಿಗೆ ಓಡಿದೆ. ಮಂಡಿನೋವು ಮರೆತೇಹೋಗಿತ್ತು. ಮಂಜಿನಲ್ಲಿ ಒಂದೊಂದು ಎಲೆಯನ್ನೂ ಉಜ್ಜಿ ಮೂಸಿ, ಹಿಡಿ ತುಂಬ ಕಿತ್ತು ತಂದೆ. ಬಾಗಿಲಲ್ಲೇ ಸೀದ ವಾಸನೆ ಬಡಿಯಿತು. ಅಕ್ಕ ಸೌಟು ಹಿಡಿದು ಸುಮ್ಮನೆ ಅಳುತ್ತ ನಿಂತಿದ್ದಳು. ತಳ ಹತ್ತಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ, ನಿಂಬೆಹುಲ್ಲು ಹಾಕಿ ಕುದಿಸಿದೆವು. ಘಮ ಏರಿದಾಗ ನಾನು ಕೈ ಎತ್ತಿದೆ, ಅವಳು ಒಲೆ ಆರಿಸಿದಳು.

ಸ್ಮಶಾನದಲ್ಲಿ ಅಮ್ಮನ ಪಾಲು ಇಟ್ಟಮೇಲೆ ಅಕ್ಕ ತನ್ನ ಲೋಟವನ್ನು ನನ್ನತ್ತ ಚಾಚಿದಳು.

"ಹೆಂಗಿದೆ? ನಿಜ ಹೇಳು."

"ಚೂರು ಸೀದಿದೆ."

"ಅಯ್ಯೋ! ಮನೇಲಿ ಗೆಸ್ಟುಗಳು ಕಾಯ್ತಿದಾರೆ ಕಣೇ!"

"ಅವರಿಗೂ ಇದನ್ನೇ ಕೊಡು. ಅಮ್ಮ ಪಕ್ಕದ್ಮನೆಯೋರ ಜೊತೆ ಹರಟೆಗೆ ನಿಂತು ಯಾವ ವರ್ಷ ತಳ ಹತ್ತಿಸಿಲ್ಲ ಹೇಳು? ನೀನು ಒಂದಿನಾನೂ ಸೀಯಿಸ್ದೋಳಲ್ಲ. ಅದಕ್ಕೇ ನಿನ್ನದು ಅಮ್ಮನ ಥರ ಇರ್ತಾನೇ ಇರ್ಲಿಲ್ಲ. ಇವತ್ತು ಇದೆ."

ಅಕ್ಕ ಕಣ್ಣೀರು ಬರುವಷ್ಟು ನಕ್ಕಳು. ಆಮೇಲೆ ಅಮ್ಮನ ಕಲ್ಲಿನ ಮೇಲಿನ ಪಾಚಿ ಕೆರೆಯುತ್ತ, ನನ್ನ ಮುಖ ನೋಡದೆ ಹೇಳಿದಳು:

"ಮುಂದಿನ ವರ್ಷ ಬೇಗ ಬಾರೇ, ನಾಯಿಮೂಗಿ. ನಿನ್ ಮಂಚ ಯಾರಿಗೂ ಕೊಡಲ್ಲ."