ನಮೂನೆಯ ಬೆಂಚು

ಚೆನ್ನಯನ ಬೆರಳುಗಳನ್ನು ಕಬ್ಬಿಣದ ರಾಡಿನಿಂದ ಮುರಿಯುತ್ತಿದ್ದಾಗ ನಾನು ಅವನದೇ ಹೋಟೆಲಿನ ಅಡುಗೆಮನೆಯಲ್ಲಿ, ರುಬ್ಬುವ ಕಲ್ಲಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳುವ ಧೈರ್ಯ ಉಳಿದಿರುವುದಿಲ್ಲ.

ಎಂಬತ್ತೆಂಟರ ಮಾತು. ಸಯನ್ ಸ್ಟೇಷನ್ನಿನ ಆಚೆ ನಮ್ಮ ಮಕ್ಕಳು ಹೋಗುತ್ತಿದ್ದ ಮುನ್ಸಿಪಾಲಿಟಿ ಕನ್ನಡ ಶಾಲೆಗೆ ವರ್ಷವರ್ಷ ಹೊಸ ಬೆಂಚು ಬರುತ್ತಿದ್ದವು, ವರ್ಷವರ್ಷ ಮುರಿಯುತ್ತಿದ್ದವು. ಹಾಗೆ ಮುರಿದ ಒಂದರಡಿ ಸಿಕ್ಕಿ ಚೆನ್ನಯನ ಮಗಳು ವಸಂತಿಯ ಪಾದ ಜಜ್ಜಿಹೋಯಿತು. ಆಗ ಪೋಷಕರೆಲ್ಲ ಸಮಿತಿ ಕಟ್ಟಿಕೊಂಡು ವಾರ್ಡ್ ಆಫೀಸಿಗೆ ಅಲೆದೆವು. ಇಪ್ಪತ್ತು ವರ್ಷ ಬಾಳುವ ಸಾಗುವಾನಿ ಬೇಕು, ಹಲಗೆ ಕೆಟ್ಟರೆ ಬೋಲ್ಟು ಬಿಚ್ಚಿ ಅದೊಂದನ್ನೇ ಬದಲಿಸುವಂತಿರಬೇಕು ಎಂದು ಅರ್ಜಿ ಬರೆದವನು ನಾನೇ. ಸತ್ಯಮೂರ್ತಿ, ಮೈಸೂರು ಕಡೆಯ ಗುಮಾಸ್ತ, ಸಮಿತಿಯ ಕಾರ್ಯದರ್ಶಿ. ಬರವಣಿಗೆಯಲ್ಲಿ ನಾನು ಮಹಾಶೂರ.

ಕೊನೆಗೆ ಒಪ್ಪಿದರು. ಕಂಟ್ರಾಕ್ಟರು ನಮೂನೆಗೆಂದು ಒಂದು ಬೆಂಚು ಮಾಡಿಕೊಟ್ಟ. ಹಲಗೆಯ ಅಡಿ ನಾವೆಲ್ಲ ಸಹಿ ಹಾಕಿದೆವು. ಬರುವ ಮಾಲನ್ನು ಅದಕ್ಕೆ ಹೋಲಿಸಿಯೇ ಪಾಸು ಮಾಡಬೇಕು. ನಮೂನೆಯೇ ಇಲ್ಲದಿದ್ದರೆ ಬಂದದ್ದೇ ಮಾಲು. ಅದಕ್ಕೇ ಅದನ್ನು ಚೆನ್ನಯನ ಹೋಟೆಲಿನಲ್ಲಿ, ಎಲ್ಲರ ಕಣ್ಣೆದುರು ಇಟ್ಟೆವು. ಗಿರಾಕಿಗಳು ಅದರ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದರು.

ಮಾಲು ಬಂದ ದಿನ ಹನ್ನೊಂದಕ್ಕೆ ತಪಾಸಣೆ. ಒಂಬತ್ತಕ್ಕೇ ಕಂಟ್ರಾಕ್ಟರನ ಕಡೆಯ ಮೂವರು ನುಗ್ಗಿದರು. ಒಬ್ಬನ ಕೈಯಲ್ಲಿ ಕೊಡಲಿ, ಇನ್ನೊಬ್ಬನ ಕೈಯಲ್ಲಿ ರಾಡು. ಗಿರಾಕಿಗಳು ತಟ್ಟೆ ಬಿಟ್ಟು ಬೀದಿಗೆ ಓಡಿದರು, ನಾನು ಒಳಕ್ಕೆ ಓಡಿದೆ. ಚೆನ್ನಯ ಬೆಂಚಿನ ಮೇಲೆ ಬೋರಲು ಬಿದ್ದು ಅದನ್ನು ತಬ್ಬಿಕೊಂಡ.

"ಕಡಿಯುದಾದ್ರೆ ನನ್ನನ್ನೂ ಸೇರಿಸಿಯೇ ಕಡಿಯಿರಿ," ಎಂದ.

ಕೊಲೆಯ ಕೇಸು ಅವರಿಗೂ ಬೇಡವಾಗಿತ್ತು. ಹಿಡಿತ ಬಿಡಿಸಲು ಬೆರಳುಗಳ ಮೇಲೆ ರಾಡು ಬೀಸಿದರು. ಏಳು ಏಟು. ಮೂಳೆ ಪುಡಿಯಾಗುವ ಸದ್ದು ಕಲ್ಲಿನ ಹಿಂದಕ್ಕೂ ಕೇಳುತ್ತಿತ್ತು. ಅವನು ಬಿಡಲಿಲ್ಲ. ಆಗ ಅವನ ಹೆಂಡತಿ ನೀಲಾವತಿ ನನ್ನನ್ನು ದಾಟಿಕೊಂಡೇ ಹೋಗಿ, ಪಾತ್ರೆಯಲ್ಲಿ ಕುದಿಯುತ್ತಿದ್ದ ಸಾಂಬಾರನ್ನು ಕೊಡಲಿಯವನ ಮುಖಕ್ಕೆ ಎರಚಿದಳು. ಅವನ ಚರ್ಮ ಸುಲಿದು ಬಂತು. ಉಳಿದಿಬ್ಬರು ಅವನನ್ನು ಎಳೆದುಕೊಂಡು ಓಡುವಾಗ ರಾಡು ಅಲ್ಲೇ ಉಳಿಯಿತು.

ತಪಾಸಣೆ ಮುಗಿಯದೆ ಆಸ್ಪತ್ರೆಗೆ ಬರುವುದಿಲ್ಲವೆಂದು ಚೆನ್ನಯ ಹಟ ಹಿಡಿದ. ಕೈಗಳಿಗೆ ಒದ್ದೆ ಟವೆಲು ಸುತ್ತಿದೆವು. ರಕ್ತ ಮೆತ್ತಿದ ಬೆಂಚನ್ನು ನಾಲ್ವರು ಶಾಲೆಯ ಅಂಗಳಕ್ಕೆ ಹೊತ್ತು ತಂದೆವು. ತಪಾಸಣೆಗೆ ಬಂದಿದ್ದ ವಾರ್ಡ್ ಆಫೀಸಿನ ಅಧಿಕಾರಿ ಬೆಚ್ಚಿದರು, ಆದರೂ ಹೊಸ ಬೆಂಚು ನೋಡಲಿಕ್ಕೇನೋ ಚೆನ್ನಾಗಿಯೇ ಇದೆಯಲ್ಲ ಎಂದರು.

"ನೋಡುದು ಬೇಡ ಸಾಹೇಬ್ರೆ," ಎಂದು ನೀಲಾವತಿ ಅದೇ ರಾಡನ್ನು ಎತ್ತಿದಳು.

ಮೊದಲ ಏಟಿಗೇ ಹೊಸ ಹಲಗೆ ಎರಡು ಹೋಳಾಯಿತು. ಎರಡನೆಯದೂ, ಮೂರನೆಯದೂ. ಅವಳು ಹುಚ್ಚು ಹಿಡಿದವಳಂತೆ ಹೊಡೆದಳು, ಯಾರೂ ತಡೆಯಲಿಲ್ಲ. ಕೊನೆಗೆ ನಮೂನೆಗೆ ಹೊಡೆದಳು. ರಾಡು ಪುಟಿದು ಅವಳ ಕೈಯಿಂದ ಹಾರಿತು.

ಅಧಿಕಾರಿ ಇಡೀ ಮಾಲನ್ನು ತಿರಸ್ಕರಿಸಿ ಬರೆದರು. ಬೆಂಚು ಮಗುಚಿ ಮೊದಲ ಸಹಿ ಯಾರದೆಂದು ಕೇಳಿದರು. ನನ್ನದು ಎಂದೆ. ಹಲ್ಲೆ ನಡೆದಾಗ ನೀವು ಅಲ್ಲಿದ್ದಿರಾ ಎಂದರು. ನಾನು ಹಲಗೆಯಡಿಯ ನನ್ನ ಸಹಿಯನ್ನೇ ನೋಡುತ್ತಿದ್ದೆ.

ಚೆನ್ನಯ ಟವೆಲಿನ ಕೈಗಳನ್ನು ಎದೆಗೆ ಒತ್ತಿಕೊಂಡು ನನ್ನತ್ತ ನೋಡಿದ. "ಇದ್ರು ಸಾಹೇಬ್ರೆ. ನನ್ನೊಟ್ಟಿಗೇ ಇದ್ರು."

ಆ ದಿನ ನನಗೆ ಬಿದ್ದ ಏಟು ಅದೊಂದೇ. ನಾನು ಹೌದೆಂದು ತಲೆಯಾಡಿಸಿದೆ.