ಎರಡನೇ ಪ್ರತಿಗೆ ಜಾಗ

ಬಂಟ್ವಾಳದ ಆ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗವೆಂದರೆ ಶಿಫಾನಾ ಒಬ್ಬಳೇ. ನೆರೆ ಬಂದರೂ ನೀರು ಮುಟ್ಟದಿರಲಿ ಎಂದು ಸರ್ವರನ್ನು ಮೂರನೇ ಮಾಳಿಗೆಯಲ್ಲಿ ಇಟ್ಟಿದ್ದರು. ಸ್ಕ್ಯಾನ್ ಮಾಡಿಸಿಕೊಂಡವರ ಚಿತ್ರಗಳೆಲ್ಲ ಕೊನೆಗೆ ಬಂದು ಸೇರುತ್ತಿದ್ದುದು ಆ ಹಳೆಯ ಯುನಿಕ್ಸ್ ಯಂತ್ರಕ್ಕೆ. ಅದರಲ್ಲಿ ಎರಡು ಡಿಸ್ಕ್‌ಗಳಿದ್ದವು. ಒಂದರಲ್ಲಿ ಬರೆದದ್ದರ ಪ್ರತಿ ಅದೇ ಕ್ಷಣ ಇನ್ನೊಂದರಲ್ಲೂ ಮೂಡುತ್ತಿತ್ತು. ಒಂದು ಕೆಟ್ಟರೂ ಇನ್ನೊಂದು ಉಳಿಯಲಿ ಎಂದು ಮಾಡಿದ ವ್ಯವಸ್ಥೆ ಅದು.

ಎರಡೂ ತುಂಬುತ್ತ ಬಂದಿದ್ದವು. ಹೊಸದಾಗಿ ಎರಡು ಡಿಸ್ಕ್ ತರಿಸಲು ಹೇಳಿದ್ದರೂ ಬಂದು ತಲುಪಿದ್ದು ಒಂದೇ. ಆ ಸೋಮವಾರ ಬೆಳಿಗ್ಗೆ ಸ್ಕ್ಯಾನ್ ವಿಭಾಗದ ದಮಯಂತಿ ಫೋನ್ ಮಾಡಿ, "ಶಿಫಾನಾ, ಚಿತ್ರ ಒಳಗೆ ಹೋಗ್ತಾ ಇಲ್ಲ. ಜಾಗ ಇಲ್ಲ ಅಂತ ಬರ್ತದೆ" ಎಂದಳು.

ಒಂದೇ ಆದರೂ ಸದ್ಯಕ್ಕೆ ಸಾಕು ಎಂದುಕೊಂಡು ಶಿಫಾನಾ ಹೊಸ ಡಿಸ್ಕನ್ನು ಹಾಕಿದಳು. ಯಂತ್ರ ಅದನ್ನು ಗುರುತಿಸಿತು. ಒಟ್ಟು ಖಾಲಿ ಜಾಗ ಬೇಕಾದುದಕ್ಕಿಂತ ಎಷ್ಟೋ ಹೆಚ್ಚಿದೆ ಎಂದೂ ತೋರಿಸಿತು. ಆದರೆ ಚಿತ್ರಗಳ ಜಾಗವನ್ನು ಹಿಗ್ಗಿಸುವ ಆಜ್ಞೆ ಕೊಟ್ಟಾಗ ಮಾತ್ರ, ಸಾಕಷ್ಟು ಜಾಗವಿಲ್ಲ ಎಂದು ಹೇಳಿ ನಿಂತುಬಿಟ್ಟಿತು. ಅಳತೆಯನ್ನು ಅರ್ಧಕ್ಕೆ ಇಳಿಸಿ ಕೊಟ್ಟಳು. ಅದೇ ಉತ್ತರ. ತೀರಾ ಚಿಕ್ಕ ಅಳತೆಗೂ ಅದೇ.

ಜಾಗ ಕಣ್ಣೆದುರಿಗೇ ಉಂಟು, ಇಲ್ಲ ಎನ್ನುತ್ತದೆ. ಅವಳು ಒಟ್ಟು ಲೆಕ್ಕವನ್ನು ಬಿಟ್ಟು, ಯಾವ ಡಿಸ್ಕಿನಲ್ಲಿ ಎಷ್ಟು ಖಾಲಿ ಇದೆ ಎಂದು ಒಂದೊಂದಾಗಿ ನೋಡಿದಳು. ಹಳೆಯ ಎರಡರಲ್ಲೂ ಏನೂ ಉಳಿದಿರಲಿಲ್ಲ. ಖಾಲಿ ಇದ್ದುದೆಲ್ಲ ಹೊಸದರಲ್ಲೇ. ಆಗ ವಿಷಯ ಹೊಳೆಯಿತು. ಎರಡು ಪ್ರತಿಗಳು ಎರಡು ಬೇರೆ ಬೇರೆ ಡಿಸ್ಕಿನಲ್ಲೇ ಇರಬೇಕೆಂಬ ಕಟ್ಟುನಿಟ್ಟಿನ ನಿಯಮ ಆ ಯಂತ್ರದಲ್ಲಿತ್ತು. ಮೊದಲ ಪ್ರತಿಗೆ ಹೊಸ ಡಿಸ್ಕ್ ಉಂಟು. ಎರಡನೆಯದಕ್ಕೆ ಎಲ್ಲಿಯೂ ಜಾಗವಿಲ್ಲ.

ಆ ನಿಯಮವನ್ನು ಸಡಿಲಿಸುವ ಆಜ್ಞೆಯೂ ಇತ್ತು. ಒಂದೇ ಸಾಲಿನದು.

ಅಷ್ಟರಲ್ಲಿ ಆಡಳಿತಾಧಿಕಾರಿ ಉಜ್ವಲ್ ಮೆಟ್ಟಿಲು ಹತ್ತಿ ಬಂದರು. ಅವಳು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು.

"ಹಾಗಾದ್ರೆ ನಿಯಮ ಸಡಿಲ ಮಾಡುವ. ಎರಡು ಪ್ರತಿಯೂ ಹೊಸ ಡಿಸ್ಕಿನಲ್ಲೇ ಕೂತುಕೊಳ್ಳಲಿ. ಒಂದು ದಿವಸದ ಮಟ್ಟಿಗೆ ಅಲ್ವಾ?"

"ಆ ಡಿಸ್ಕ್ ಕೆಟ್ರೆ ಎರಡೂ ಒಟ್ಟಿಗೆ ಹೋಗ್ತದೆ ಸರ್."

"ಹೊಸ ಡಿಸ್ಕ್ ಅದು. ಹೋದ್ರೂ ಇವತ್ತಿನ ಚಿತ್ರ ಮಾತ್ರ. ಹಳತೆಲ್ಲ ಹಳೆಯ ಡಿಸ್ಕಿನಲ್ಲಿ ಉಂಟಲ್ಲ?"

"ಹಾಗಲ್ಲ ಸರ್. ಹಿಗ್ಗಿಸಿದ ಮೇಲೆ ಹಳತೂ ಹೊಸತೂ ಒಂದೇ ಜಾಗ ಅಂತ ಆಗ್ತದೆ. ಅದರಲ್ಲಿ ಒಂದು ತುಂಡು ಹೋದ್ರೆ ಇಡೀ ಜಾಗವೇ ತೆರೆಯುವುದಿಲ್ಲ."

"ಬ್ಯಾಕಪ್?"

"ಶನಿವಾರದ್ದು ಟೇಪಿನಲ್ಲಿ ಉಂಟು. ನಿನ್ನೆಯದ್ದೂ ಇವತ್ತಿನದ್ದೂ ಇಲ್ಲ. ಮತ್ತೆ ಆ ಟೇಪಿನಿಂದ ಎಲ್ಲ ವಾಪಸ್ ತರಲಿಕ್ಕೆ ದಿನಗಟ್ಟಲೆ ಬೇಕು. ಅಲ್ಲಿವರೆಗೆ ಡಾಕ್ಟರಿಗೆ ಯಾರ ಹಳೆಯ ಸ್ಕ್ಯಾನೂ ಸಿಗ್ಲಿಕ್ಕಿಲ್ಲ."

ಉಜ್ವಲ್ ಹಣೆ ಒರೆಸಿಕೊಂಡರು. "ಕೆಳಗೆ ಜನ ಕಾಯ್ತಾ ಇದ್ದಾರೆ ಶಿಫಾನಾ. ನಾಳೆ ಡಿಸ್ಕಿಗೆ ಏನೂ ಆಗದಿದ್ರೆ, ಸುಮ್ಮನೆ ನಿಲ್ಲಿಸಿದ್ದು ಅಂತ ಆಗ್ತದೆ. ಅವರಿಗೆ ಉತ್ತರ ಹೇಳುವವರು ಯಾರು?"

"ನಾನು ಹೇಳ್ತೇನೆ" ಎಂದಳು.

ಡಿಸ್ಕ್ ಪೂರೈಸುವ ಜಿತೇಶನಿಗೆ ಫೋನ್ ಮಾಡಿದಳು. ಎರಡನೆಯದು ಮೂಡುಬಿದಿರೆಯ ಅವನ ಅಂಗಡಿಗೆ ಬಂದು ಬಿದ್ದಿತ್ತು. ಅವನಿದ್ದದ್ದು ಬೆಳ್ತಂಗಡಿಯಲ್ಲಿ, ಬೇರೆ ಕಡೆಯ ಕೆಲಸದ ಮೇಲೆ. "ಅರ್ಧಕ್ಕೆ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಮುಗಿಸಿ, ಮೂಡುಬಿದಿರೆಗೆ ಹೋಗಿ, ಸಿದ್ದಕಟ್ಟೆ ದಾರಿಯಲ್ಲಿ ಬರ್ತೇನೆ. ಸಂಜೆ ಆಗ್ತದೆ" ಎಂದ.

ಸ್ಕ್ಯಾನ್ ಯಂತ್ರದ ಒಳಗೇ ಸ್ವಲ್ಪ ಜಾಗವಿತ್ತು. ಅದನ್ನು ಅಪಘಾತದಂಥ ತುರ್ತಿಗೆ ಇಟ್ಟುಕೊಳ್ಳುವುದು, ಉಳಿದವರನ್ನು ನಾಳೆಗೆ ಕರೆಯುವುದು ಎಂದು ದಮಯಂತಿಯೂ ಶಿಫಾನಾಳೂ ಡಾಕ್ಟರರನ್ನು ಕೇಳಿ ನಿಶ್ಚಯಿಸಿದರು. ಕೆಲವರು ಗೊಣಗಿಕೊಂಡು ಎದ್ದುಹೋದರು. ಒಬ್ಬರು ಮಂಗಳೂರಿಗೇ ಹೋಗುತ್ತೇನೆಂದು ಡಾಕ್ಟರ ಚೀಟಿ ಹಿಂದೆ ಪಡೆದರು. ಬೆಂಚಿನ ತುದಿಯಲ್ಲಿ ಖತೀಜಮ್ಮ ಎಂಬ ಮುದುಕಿ ಕುಳಿತಿದ್ದರು. ಲಾಯಿಲದಿಂದ ಬಂದವರು. ಹಿಂದೆ ಶ್ವಾಸಕೋಶದಲ್ಲಿ ಕಂಡ ಕಲೆ ಬೆಳೆದಿದೆಯೇ ಎಂದು ನೋಡಬೇಕಿತ್ತು. ಔಷಧಿ ಚುಚ್ಚಿ ಮಾಡುವ ಸ್ಕ್ಯಾನ್ ಆದ್ದರಿಂದ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಶಿಫಾನಾ ಪಕ್ಕದಲ್ಲಿ ಕುಳಿತು ಬ್ಯಾರಿ ಭಾಷೆಯಲ್ಲಿ ಮಾತಾಡಿಸಿದಳು.

"ಉಮ್ಮ, ಇವತ್ತು ಆಗುವುದಿಲ್ಲ. ನಾಳೆ ಬರಬೇಕಾಗ್ತದೆ."

"ಮಿಷನ್ ಹಾಳಾಗಿದೆಯಾ?"

"ಇಲ್ಲ. ತೆಗೆದ ಚಿತ್ರ ಜೋಪಾನ ಮಾಡ್ಲಿಕ್ಕೆ ಜಾಗ ಇಲ್ಲ. ನಿಲ್ಲಿಸಿದ್ದು ನಾನೇ."

ಖತೀಜಮ್ಮ ಅವಳ ಮುಖವನ್ನೇ ನೋಡಿದರು. "ಹಸಿವೆಯಲ್ಲಿ ಎರಡು ಬಸ್ಸು ಹತ್ತಿ ಬಂದದ್ದು ಮಗಳೇ. ಮೊದಲೇ ಹೇಳಬಾರದಿತ್ತಾ?"

"ಹೇಳಬೇಕಿತ್ತು ಉಮ್ಮ. ತಪ್ಪಾಯ್ತು" ಎಂದಳು ಶಿಫಾನಾ. ಖತೀಜಮ್ಮ ಮತ್ತೆ ಕೇಳಿದರು, "ನನ್ನ ಹಳೆಯ ಚಿತ್ರ ಉಂಟಲ್ಲ ಒಳಗೆ? ಅದಿಲ್ಲದಿದ್ದರೆ ಬೆಳೆದದ್ದು ಗೊತ್ತಾಗುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ."

"ಉಂಟು ಉಮ್ಮ. ಎರಡು ಕಡೆ ಉಂಟು."

ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ನೀರುದೋಸೆ ಕೊಡಿಸಿದಳು. ಖತೀಜಮ್ಮ ತಿಂದರು. ಸಿಟ್ಟು ಇಳಿದಿತ್ತೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ.

ಹೊತ್ತು ಇಳಿಯುವಾಗ ಜಿತೇಶ್ ಡಿಸ್ಕ್ ಹಿಡಿದುಕೊಂಡು ಬಂದ. ಅದನ್ನು ಹಾಕಿ ಶಿಫಾನಾ ಮತ್ತೆ ಅದೇ ಆಜ್ಞೆ ಕೊಟ್ಟಳು. ಮತ್ತೆ ತಪ್ಪು ತೋರಿಸಿತು. ಬಾಗಿಲಲ್ಲಿ ನಿಂತಿದ್ದ ಉಜ್ವಲ್ ಒಳಗೆ ಬಂದರು.

"ಸಾಲು ಪೂರ್ತಿ ಓದುವ" ಎಂದು ಜಿತೇಶ್ ಬಗ್ಗಿದ. ಈ ಸಲದ ಮಾತು ಬೇರೆಯೇ ಆಗಿತ್ತು. ಜಾಗವಿಲ್ಲ ಎಂದಲ್ಲ, ನಿಗದಿ ಮಾಡಿದ ಗರಿಷ್ಠ ಮಿತಿ ದಾಟುತ್ತದೆ ಎಂದು. ಯಾರೋ ಮೊದಲು ಈ ಜಾಗವನ್ನು ಮಾಡುವಾಗ, ಇದು ಇಷ್ಟಕ್ಕಿಂತ ಬೆಳೆಯಲಿಕ್ಕಿಲ್ಲ ಎಂದು ಮಿತಿ ಹಾಕಿದ್ದರು. ಅದನ್ನು ಏರಿಸುವುದರಿಂದ ಯಾವ ಅಪಾಯವೂ ಇರಲಿಲ್ಲ. ಇಬ್ಬರೂ ಕೈಪಿಡಿಯಲ್ಲಿ ಅದನ್ನು ಖಚಿತ ಮಾಡಿಕೊಂಡರು. ಮಿತಿ ಏರಿಸಿ, ಮತ್ತೊಮ್ಮೆ ಕೊಟ್ಟಾಗ ಯಂತ್ರ ತಕರಾರಿಲ್ಲದೆ ಒಪ್ಪಿಕೊಂಡಿತು. ಒಂದು ಪ್ರತಿ ಒಂದು ಡಿಸ್ಕಿನಲ್ಲಿ, ಇನ್ನೊಂದು ಇನ್ನೊಂದರಲ್ಲಿ. ಕೆಳಗಿನಿಂದ ದಮಯಂತಿ, "ಹೋಗ್ತಾ ಉಂಟು" ಎಂದು ಫೋನ್ ಮಾಡಿದಳು.

ಮರುದಿನ ಖತೀಜಮ್ಮ ಬಂದರು. ಹಳೆಯ ಚಿತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದ ಡಾಕ್ಟರರು, ಕಲೆ ಬೆಳೆದಿಲ್ಲ ಎಂದರು.

ಅದಾಗಿ ತಿಂಗಳುಗಳು ಕಳೆದವು. ಮೊದಲು ಬಂದ ಆ ಹೊಸ ಡಿಸ್ಕ್ ಕೆಡಲಿಲ್ಲ. ಯಾವುದೂ ಕೆಡಲಿಲ್ಲ. ಉಜ್ವಲ್ ಆ ದಿನದ ವಿಷಯ ಎತ್ತಲಿಲ್ಲ, ಸರಿಯೆಂದೂ ಅನ್ನಲಿಲ್ಲ, ತಪ್ಪೆಂದೂ ಅನ್ನಲಿಲ್ಲ. ಒಮ್ಮೆ ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುವಾಗ ದಮಯಂತಿ ಕೇಳಿದಳು, "ಅವತ್ತು ನೀನು ನಿಯಮ ಸಡಿಲ ಬಿಟ್ಟಿದ್ರೆ ಎಂತ ಆಗ್ತಿತ್ತು?"

"ಏನೂ ಆಗ್ತಿರಲಿಲ್ಲ ಅಕ್ಕ. ಈಗ ಗೊತ್ತುಂಟು. ಅವತ್ತು ಗೊತ್ತಿರಲಿಲ್ಲ."

"ಇನ್ನೊಮ್ಮೆ ಹಾಗೆ ಆದ್ರೆ?"

ಶಿಫಾನಾ ಯೋಚಿಸಿದಳು. "ನಿಲ್ಲಿಸ್ತೇನೆ. ಆದ್ರೆ ಜಾಗ ಮುಗಿಯುವವರೆಗೆ ಕಾಯುದಿಲ್ಲ. ಜನ ಹಸಿವೆಯಲ್ಲಿ ಮನೆಯಿಂದ ಹೊರಡುವ ಮೊದಲೇ ಫೋನ್ ಮಾಡಿಸ್ತೇನೆ."